ಕೈ ಉರಿಯುವಾಗ ಬರದ ಮಷಿನ್ನು

ಬ್ಯಾಡಗಿಯಲ್ಲಿ ನಮ್ಮ ಮಾವನ ಮಗ ಮೆಣಸಿನಕಾಯಿ ವ್ಯಾಪಾರ ಮಾಡುತ್ತಾನೆ. ಈ ವಾರ ಅವನ ಶೆಡ್ಡಿಗೆ ತೊಟ್ಟು ಬಿಡಿಸುವ ಮಷಿನ್ನು ಬಂತು. ಹಾರ ಹಾಕಿ, ಕಾಯಿ ಒಡೆದು, ಪೇಢೆ ಹಂಚಿದ್ದೂ ಆಯಿತು. ಸ್ವಿಚ್ ಒತ್ತುವ ಹೊತ್ತಿಗೆ ತೊಟ್ಟು ಬಿಡಿಸುವ ಹೆಂಗಸರೆಲ್ಲ ಎದ್ದು ಹೊರಗೆ ಹೋಗಿ ಕೂತರು. ಕೂಗಾಟ ಇಲ್ಲ, ಏನಿಲ್ಲ.

ಇವನು ಕರೆಯಲು ಹೋದ. ಅವರಲ್ಲಿ ಹಿರಿಯಾಕೆ ಸೆರಗಿನಿಂದ ಮೂಗು ಒರೆಸಿಕೊಂಡು ಅಂದಳು: "ಇಷ್ಟ ವರ್ಸ ನಮ್ಮ ಕೈ ಉರಿಯೋವಾಗ ಈ ಮಷಿನ್ ಎಲ್ಲಿತ್ತರಿ ಸಾವ್ಕಾರ್ರ? ಕಿಲೋಕ್ಕ ಎರಡ ರೂಪಾಯಿ ಜಾಸ್ತಿ ಕೇಳಿದ ಕೂಡ್ಲೆ ಬಂತಲ್ರಿ!"

ಇವನ ಬಳಿ ಉತ್ತರ ಇರಲಿಲ್ಲ. ನನ್ನ ಬಳಿಯೂ ಇಲ್ಲ.

ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಹೆಸರು. 2011ರಲ್ಲಿ ಜಿಐ ಟ್ಯಾಗೂ, ಅಂದರೆ ಈ ಊರಿನ ಹೆಸರಿಗೆ ಕಾನೂನಿನ ಮುದ್ರೆಯೂ ಸಿಕ್ಕಿತು. ಲಿಪ್‌ಸ್ಟಿಕ್‌ಗೂ ಇದರ ಬಣ್ಣ ಹೋಗುತ್ತದೆ. ಆದರೆ ಖಾರ ಕಡಿಮೆ ಅನ್ನುವ ಮಾತನ್ನು ದಿನವಿಡೀ ತೊಟ್ಟು ಬಿಡಿಸಿದ ಕೈಗಳ ಮುಂದೆ ಹೇಳಿ ನೋಡಿ. ಇಷ್ಟು ವರ್ಷ ಆ ಉರಿಗೆ ಯಾರೂ ಮಷಿನ್ನು ಹುಡುಕಲಿಲ್ಲ.

"ಅವರಿಗೆ ಮಷಿನ್ ಅಂದ್ರ ಅಂಜಿಕಿ" ಅಂದ ನಮ್ಮವನು. ಒಳ್ಳೆಯವನೇ, ಸಾಲ ಮಾಡಿ ತಂದಿದ್ದಾನೆ, ಕಂತಿನ ಚಿಂತೆ ಅವನದು. ಆದರೂ ಇದು ಸುಮ್ನೆ ಮಾತು. ಅದೇ ಹೆಂಗಸರ ಮನೆಯಲ್ಲಿ ಮಿಕ್ಸಿ ಇದೆ, ಕೂಲಿ ಫೋನಿಗೇ ಬರುತ್ತದೆ. ಮಿಕ್ಸಿ ಬಂದಾಗ ಯಾರೂ ಎದ್ದು ಹೊರಗೆ ಹೋಗಲಿಲ್ಲ. ಅದು ಯಾರ ಕೂಲಿಯನ್ನೂ ಕಿತ್ತುಕೊಂಡಿರಲಿಲ್ಲ, ಅಲ್ವಾ?

ಇಂಗ್ಲೆಂಡಿನಲ್ಲಿ ಲುಡೈಟರು ಅಂತ ಕರೆಸಿಕೊಂಡ ಕೂಲಿಕಾರರಿಗೂ ಮಷಿನ್ ಕಂಡರಾಗದವರು ಅನ್ನುವ ಇದೇ ಹೆಸರು ಅಂಟಿತು. 1811ರಲ್ಲಿ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಕಾಲುಚೀಲ ಹೆಣೆಯುವ ಯಂತ್ರಗಳನ್ನು ಒಡೆದರು. ಆ ಯಂತ್ರಗಳೇನೂ ಹೊಸವಲ್ಲ, ಇನ್ನೂರು ವರ್ಷ ಹಳೆಯ ಕಸುಬು. ಅವರ ಸಿಟ್ಟು ಕೂಲಿ ಇಳಿಸಿ ಕಳಪೆ ಮಾಲು ತೆಗೆಯುತ್ತಿದ್ದ ಧಣಿಗಳ ಮೇಲೆ. 1812ರಲ್ಲಿ ಸರ್ಕಾರ ಯಂತ್ರ ಒಡೆದವರಿಗೆ ಮರಣದಂಡನೆ ಅಂತ ಕಾನೂನು ತಂದಿತು. ಕವಿ ಬೈರನ್ ಸಂಸತ್ತಿನಲ್ಲಿ ಅದನ್ನು ವಿರೋಧಿಸಿದ. ಆಗಲೂ ಅವರ ಲೆಕ್ಕ ಕೇಳಿದವರು ಕಡಿಮೆ. ಯಂತ್ರದ್ವೇಷಿಗಳು ಅಂದುಬಿಟ್ಟರೆ ಲೆಕ್ಕ ಕೇಳುವ ಕೆಲಸವೇ ಉಳಿಯಲ್ಲ.

ಮಷಿನ್ನು ಓಡಿತು. ಒಣಗಿದ ಕಾಯಿ ಅಲ್ಲಲ್ಲಿ ಮುರಿಯಿತು, ಬೀಜ ಚೆಲ್ಲಿತು. ಕೆಲವು ತೊಟ್ಟು ಹಾಗೇ ಉಳಿದವು. ಅವನ್ನು ಆರಿಸಲು ಮತ್ತೆ ಹೆಂಗಸರೇ ಬೇಕು. ಮೆಕ್ಯಾನಿಕ್ ಹುಡುಗ ಇದನ್ನು ಮೊದಲು ಹೇಳಿರಲೇ ಇಲ್ಲ, ಮಹಾ ಜಾಣ.

ಆಗ ಆ ಹಿರಿಯಾಕೆ ಒಳಗೆ ಬಂದಳು. "ಆರಿಸ್ತೀವ್ರಿ. ಆದ್ರ ಕಿಲೋ ಲೆಕ್ಕ ಬ್ಯಾಡ, ದಿನಗೂಲಿ ಕೊಡ್ರಿ. ಉಳಿದ ನಾಕ ಕಾಯಾಗ ಕಿಲೋ ಯಾವಾಗ ಆಗಬೇಕು?"

ಗುರುವಾರದ ಮಾರುಕಟ್ಟೆ ಮುಗಿಯಲಿ, ಹೇಳ್ತೀನಿ ಅಂದಿದ್ದಾನೆ ಇವನು. ನನಗೇನೋ ಅವಳ ಲೆಕ್ಕವೇ ಸರಿ ಅನಿಸಿತು. ಅವನಿಗೂ ಹೇಳಿದೆ. "ನೀ ಕಂತು ಕಟ್ತೀಯೇನು?" ಅಂದ.