ರೆಕ್ಕೆ ಮಡಚಿದ ಅಲಿಜೆ: ಈ ಮಳೆಗಾಲದ ಕೆಲಸ

ಕಳೆದ ಬೇಸಗೆಯಲ್ಲಿ ಆರಂಭಿಸಿದ ಅಲಿಜೆ ವಿಮಾನದ ಮರದ ಮಾದರಿ ಮೇ ತಿಂಗಳ ಕೊನೆಗೆ ಮುಕ್ಕಾಲು ಪಾಲು ಮುಗಿದಿತ್ತು. ಒಂದಕ್ಕೆ ಇಪ್ಪತ್ತರ ಪ್ರಮಾಣದಲ್ಲಿ, ಅಂದರೆ 13.86 ಮೀಟರ್ ಉದ್ದದ ವಿಮಾನವನ್ನು 69 ಸೆಂಟಿಮೀಟರಿಗೂ 15.6 ಮೀಟರ್ ರೆಕ್ಕೆಯ ಹರವನ್ನು 78 ಸೆಂಟಿಮೀಟರಿಗೂ ಇಳಿಸಿ, ಚಕ್ರಗಳನ್ನು ಒಳಗೆಳೆದುಕೊಂಡು ಸಮುದ್ರದ ಮೇಲೆ ಹಾರುತ್ತಿರುವ ಭಂಗಿಯಲ್ಲಿ ಒಂದು ಕಂಬಿಯ ಮೇಲೆ ನಿಲ್ಲಿಸಬೇಕೆಂಬುದು ನನ್ನ ಯೋಜನೆಯಾಗಿತ್ತು. ಜೂನ್ ಮೊದಲ ವಾರ, ಮಳೆ ಹಿಡಿಯುವ ಮೊದಲು, ಅದನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಕೊಡವೂರಿಗೆ ನೇವಿ ಅಜ್ಜನ ಮನೆಗೆ ಕೊಂಡುಹೋದೆ. ಅಲ್ಲಿಂದ ಮರಳುವಾಗ ಆ ಯೋಜನೆ ಉಳಿದಿರಲಿಲ್ಲ.

ನೇವಿ ಅಜ್ಜ ನನ್ನ ಅಮ್ಮನ ಚಿಕ್ಕಪ್ಪ. ಮಲ್ಪೆಯಲ್ಲಿ ಮೀನುಗಾರಿಕೆಯ ಮನೆತನದಲ್ಲಿ ಹುಟ್ಟಿ, ಹದಿನೆಂಟರ ಪ್ರಾಯದಲ್ಲಿ ನೌಕಾಪಡೆಗೆ ಸೇರಿದ ಅವರಿಗೆ ಹಡಗಿನ ಕೆಲಸದ ಬದಲು ವಿಮಾನದ ಮೈಕಟ್ಟನ್ನು ನೋಡಿಕೊಳ್ಳುವ ಏರ್‌ಫ್ರೇಮ್ ಮೆಕ್ಯಾನಿಕ್ ಕೆಲಸ ಸಿಕ್ಕಿತು. ಹದಿನೈದು ವರ್ಷಗಳ ಸೇವೆಯಲ್ಲಿ ಹೆಚ್ಚಿನ ಕಾಲವನ್ನು ಅವರು ಅಲಿಜೆಯ ಜೊತೆಗೇ ಕಳೆದರು. ನಾನು ಮಾದರಿಯನ್ನು ಅವರ ಮಡಿಲಲ್ಲಿಟ್ಟಾಗ ಅವರು ಕನ್ನಡಕವನ್ನು ತೆಗೆದು ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ, ರೆಕ್ಕೆಯ ಮುಂದಿನ ಅಂಚಿನ ಮೇಲೆ ಹೆಬ್ಬೆರಳನ್ನು ಮೆಲ್ಲನೆ ಎಳೆಯುತ್ತಾ ಹೋದರು. ಚಕ್ರದ ಗೂಡು ದಾಟಿದ ಮೇಲೆ ಬೆರಳು ಒಂದು ಕಡೆ ನಿಂತಿತು. ಹಿಂದೆ ಸರಿಯಿತು, ಮತ್ತೆ ಅದೇ ಜಾಗಕ್ಕೆ ಬಂದಿತು. ಅಲ್ಲಿ ಇರಬೇಕಾಗಿದ್ದ ಸಂದು ನನ್ನ ಮಾದರಿಯಲ್ಲಿ ಇರಲಿಲ್ಲ.

"ಅಂಚ ಅತ್ತ್ ಮಗಾ," ಎಂದರು. ಹಾಗಲ್ಲ ಮಗಾ. "ಅದು ಹಾರುವುದನ್ನು ನಾನು ನೋಡಿದ್ದು ದಿನಕ್ಕೆ ಅರ್ಧ ನಿಮಿಷ. ಉಳಿದ ಹೊತ್ತೆಲ್ಲ ರೆಕ್ಕೆ ಮಡಚಿಕೊಂಡು, ಕಟ್ಟಿಹಾಕಿಸಿಕೊಂಡು ನನ್ನೆದುರು ನಿಂತಿರುತ್ತಿತ್ತು."

ನಾನು ಇಷ್ಟು ವರ್ಷ ಸಂಗ್ರಹಿಸಿದ ಚಿತ್ರಗಳೆಲ್ಲ ಆಕಾಶದಲ್ಲಿರುವ ವಿಮಾನದ ಚಿತ್ರಗಳು ಎಂಬುದು ಆಗ ಹೊಳೆಯಿತು. ಅದನ್ನು ಹಾರಿಸಿದವರು ನೋಡಿದ ವಿಮಾನ ಬೇರೆ, ಅದನ್ನು ತೊಳೆದು, ಎಣ್ಣೆ ಹಾಕಿ, ಕಟ್ಟಿ ಕಾದವರು ನೋಡಿದ ವಿಮಾನ ಬೇರೆ. ಎರಡನೆಯದನ್ನು ಮಾಡಬೇಕೆಂದು ಅಲ್ಲಿಯೇ ತೀರ್ಮಾನಿಸಿದೆ.

ಅಲಿಜೆಯ ಪರಿಚಯ ಇಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ಫ್ರಾನ್ಸಿನ ಬ್ರೆಗೆ ಕಂಪನಿ ವಿಮಾನವಾಹಕ ನೌಕೆಗಳಿಗಾಗಿ ತಯಾರಿಸಿದ, ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆಯುವ ಈ ವಿಮಾನ 1956ರ ಅಕ್ಟೋಬರ್ 6ರಂದು ಮೊದಲ ಬಾರಿ ಹಾರಿತು. ಅಲಿಜೆ ಎಂದರೆ ಫ್ರೆಂಚ್ ಭಾಷೆಯಲ್ಲಿ ವಾಣಿಜ್ಯ ಮಾರುತ. ಭಾರತೀಯ ನೌಕಾಪಡೆಯ 310ನೇ ಸ್ಕ್ವಾಡ್ರನ್ 1961ರ ಮಾರ್ಚ್‌ನಲ್ಲಿ ಫ್ರಾನ್ಸಿನ ಇಯೇರ್‌ನಲ್ಲಿಯೇ ಈ ವಿಮಾನಗಳೊಂದಿಗೆ ಸ್ಥಾಪನೆಗೊಂಡು, ಅದೇ ತಿಂಗಳು ಸೇವೆಗೆ ಸೇರಿದ್ದ ಐಎನ್‌ಎಸ್ ವಿಕ್ರಾಂತ್ ನೌಕೆಯನ್ನು ಏರಿತು. ಮೂಗಿನಲ್ಲಿ ರೋಲ್ಸ್ ರಾಯ್ಸ್ ಡಾರ್ಟ್ ಟರ್ಬೊಪ್ರಾಪ್ ಎಂಜಿನ್, ಒಳಗೆ ಮೂವರು: ಮುಂದೆ ಪೈಲಟ್ ಮತ್ತು ಅವರ ಪಕ್ಕದಲ್ಲಿ ರೇಡಾರ್ ನೋಡುವವರು, ಹಿಂದೆ ಸಮುದ್ರದೊಳಗಿನ ಸದ್ದು ಆಲಿಸುವವರು. ಹೊಟ್ಟೆಯಲ್ಲಿ ಟಾರ್ಪಿಡೊ ಇಡುವ ಗೂಡು, ಅದರ ಹಿಂದೆ ಹಾರುವಾಗ ಕೆಳಗಿಳಿಸುವ ಡಬ್ಬಿಯಂತಹ ರೇಡಾರ್. ರೆಕ್ಕೆಯ ಮುಂದಕ್ಕೆ ಚಾಚಿಕೊಂಡ ಎರಡು ಉಬ್ಬುಗಳು ಅಲಿಜೆಯ ಗುರುತು. ಚಕ್ರಗಳು ಸೇರಿಕೊಳ್ಳುವುದು ಅವುಗಳೊಳಗೆ, ಜಲಾಂತರ್ಗಾಮಿಯ ಸದ್ದು ಹಿಡಿಯಲು ಸಮುದ್ರಕ್ಕೆ ಉದುರಿಸುವ ಸೋನೋಬಾಯ್‌ಗಳು ಇರುವುದೂ ಅಲ್ಲಿಯೇ. ನೋಡಲು ಚೆಲುವಾದ ವಿಮಾನ ಎಂದು ಯಾರೂ ಹೇಳುವುದಿಲ್ಲ. ನನಗೆ ಅದು ಚೆಲುವಾಗಿಯೇ ಕಾಣುತ್ತದೆ.

ಈಗ ಕೆಲಸದ ವಿಷಯ. ಮಾದರಿಯನ್ನು ಹಾಲೆ ಮರದಲ್ಲಿ ಕೆತ್ತಿದ್ದೇನೆ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಕಷಾಯಕ್ಕೆ ತೊಗಟೆ ತರುವ ಅದೇ ಪಾಲೆ ಮರ. ಅದರ ತಿರುಳು ಹಗುರ, ನಾರು ನೇರ, ಹರಿತವಾದ ಉಳಿಗೆ ಬೆಣ್ಣೆಯಂತೆ ಬಗ್ಗುತ್ತದೆ. ಮುಗಿದಿದ್ದ ರೆಕ್ಕೆಯನ್ನು ಕತ್ತರಿಸುವುದು ಮೊದಲ ಕೆಲಸವಾಗಿತ್ತು. ಎರಡು ತಿಂಗಳು ಉಜ್ಜಿ ನಯ ಮಾಡಿದ ರೆಕ್ಕೆಯ ಮೇಲೆ ಗರಗಸ ಇಡಲು ಕೈ ಬರಲಿಲ್ಲ. ಮೂರು ದಿನ ಮುಂದೂಡಿದೆ. ಗರಗಸದ ಅಲಗು ಒಂದು ಮಿಲಿಮೀಟರ್ ಮರವನ್ನು ತಿನ್ನುತ್ತದೆ, ಆ ಒಂದು ಮಿಲಿಮೀಟರ್ ನಿಜವಾದ ವಿಮಾನದಲ್ಲಿ ಎರಡು ಸೆಂಟಿಮೀಟರ್. ಆದ್ದರಿಂದ ಎರಡೂ ಬದಿಗೆ ಅಷ್ಟೇ ದಪ್ಪದ ತಗಡನ್ನು ಅಂಟಿಸಿ ಅಳತೆಯನ್ನು ಸರಿದೂಗಿಸಿದೆ. ಮಡಚಿದಾಗ ನಿಜವಾದ ಅಲಿಜೆಯ ಅಗಲ ಸುಮಾರು 7 ಮೀಟರ್, ನನ್ನ ಮಾದರಿಯದ್ದು 35 ಸೆಂಟಿಮೀಟರ್. ಈ ಲೆಕ್ಕ ಸರಿಹೋದ ದಿನ ಅಜ್ಜನಿಗೆ ಫೋನು ಮಾಡಿ ತಿಳಿಸಿದೆ.

ಜುಲೈನಲ್ಲಿ ಬಲರೆಕ್ಕೆಯ ಹೊರತುಂಡು ಬಾಗಿತು. ಮಿಲ್ಲಿನವರು ಚೆನ್ನಾಗಿ ಒಣಗಿದ ಮರವೆಂದು ಹೇಳಿ ಕೊಟ್ಟಿದ್ದ ಹಲಗೆಯಲ್ಲಿ ಹಸಿ ಉಳಿದಿತ್ತೆಂದು ಕಾಣುತ್ತದೆ. ಹದಿನೈದು ದಿನ ಬಿಡದೆ ಸುರಿದ ಮಳೆಯಲ್ಲಿ ಅದು ತೇವ ಕುಡಿದು ತುದಿಯಲ್ಲಿ ನಾಲ್ಕು ಮಿಲಿಮೀಟರಿನಷ್ಟು ಮೇಲೆದ್ದಿತು. ಭಾರ ಹೇರಿ ಸರಿಪಡಿಸಲು ನೋಡಿದೆ, ಆಗಲಿಲ್ಲ. ಕೊನೆಗೆ ಹೊಸ ತುಂಡನ್ನು ಸೀಳಿ, ಬಚ್ಚಲುಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ತೆಂಗಿನ ಗರಟಗಳ ಪಕ್ಕದಲ್ಲಿ ಇಪ್ಪತ್ತು ದಿನ ಇಟ್ಟು, ಆಮೇಲೆ ಕೆತ್ತಿದೆ. ಈ ಊರಿನಲ್ಲಿ ಮರದ ಕೆಲಸ ಮಾಡುವವರಿಗೆ ನನ್ನ ಸಲಹೆ ಇಷ್ಟೇ: ಹಲಗೆಯನ್ನು ಮಾರ್ಚ್ ತಿಂಗಳಲ್ಲಿಯೇ ಕೊಳ್ಳಿರಿ. ಬಣ್ಣದ ಕೆಲಸವನ್ನಂತೂ ದೀಪಾವಳಿಯವರೆಗೆ ಮುಟ್ಟುವುದಿಲ್ಲ, ಏಕೆಂದರೆ ಪರೀಕ್ಷೆಗೆಂದು ಒಂದು ಚೂರಿನ ಮೇಲೆ ಹಚ್ಚಿದ ಲ್ಯಾಕರ್ ತೇವದ ಗಾಳಿಗೆ ಮಂಜು ಹಿಡಿದಂತೆ ಬೆಳ್ಳಗಾಯಿತು.

ರೆಕ್ಕೆ ಮಡಚುವ ಸಂದಿನೊಳಗೆ ಏನಿತ್ತೆಂಬುದು ನನ್ನಲ್ಲಿರುವ ಯಾವ ನಕ್ಷೆಯಲ್ಲಿಯೂ ಇಲ್ಲ. ಅಜ್ಜ ವಿದ್ಯುತ್ ಬಿಲ್ಲಿನ ಹಿಂಬದಿಯಲ್ಲಿ ಅದನ್ನು ಬರೆದುಕೊಟ್ಟರು: ಕೀಲುಗಳು ಎಲ್ಲಿ, ಬೀಗದ ಗೂಟ ಎಲ್ಲಿ ಕೂರುತ್ತದೆ, ಕೊಳವೆಗಳು ಯಾವ ಕಡೆಯಿಂದ ಬಂದು ಯಾವ ಕಡೆಗೆ ಬಳುಕುತ್ತವೆ. ಬರೆಯುತ್ತಾ ಬರೆಯುತ್ತಾ ಒಂದು ಮೂಲೆಯನ್ನು ಪೆನ್ನಿನಿಂದ ಮತ್ತೆ ಮತ್ತೆ ಕಪ್ಪಾಗಿಸಿದರು. ಅದು ಉಪ್ಪು ಕೂರುವ ಜಾಗ. ಹಡಗಿನಲ್ಲಿ ಸಿಹಿನೀರು ಅಳೆದು ಕೊಡುತ್ತಿದ್ದರು, ಮೈ ತೊಳೆಯುವುದಕ್ಕೂ ಲೆಕ್ಕ ಇತ್ತು. ಆದರೂ ವಿಮಾನ ತೊಳೆಯುವ ನೀರಿಗೆ ಮಾತ್ರ ಯಾರೂ ಚಕಾರ ಎತ್ತುತ್ತಿರಲಿಲ್ಲವಂತೆ. ಆ ಮೂಲೆಗೆ ಚಿಂದಿಬಟ್ಟೆ ಹೋಗದ ಕಾರಣ ಅವರು ಬೆರಳಿಗೆ ಗ್ರೀಸ್ ಹಚ್ಚಿಕೊಂಡು ತುರುಕುತ್ತಿದ್ದರು. ಬಲಗೈಯ ತೋರುಬೆರಳಿನ ಉಗುರಿನ ಬುಡದಲ್ಲಿರುವ ಬಿಳಿಯ ಗೀರು ಅದರ ಗುರುತೆಂದು ತೋರಿಸಿದರು. ಕೀಲಿನ ಗೂಟಕ್ಕೆ ನಾನು ಸೈಕಲ್ಲಿನ ಕಡ್ಡಿಯನ್ನು, ಅದು ಕೂರುವ ತೂತಿಗೆ ಹಳೆಯ ಬಾಲ್‌ಪೆನ್ ರೀಫಿಲ್ಲಿನ ಹಿತ್ತಾಳೆಯ ಕೊಳವೆಯನ್ನು ಬಳಸಿದ್ದೇನೆ. ರೆಕ್ಕೆ ಈಗ ಮಡಚುತ್ತದೆ, ಬಿಚ್ಚುತ್ತದೆ, ಅಲ್ಲಾಡುವುದಿಲ್ಲ.

ಆಗಸ್ಟ್‌ನಲ್ಲಿ ಕೊಂಕಣ ರೈಲಿನಲ್ಲಿ ಗೋವಾಕ್ಕೆ ಹೋಗಿಬಂದೆ. ಬೊಗ್ಮಾಲೊದಲ್ಲಿ 1998ರಲ್ಲಿ ಆರಂಭವಾದ ನೌಕಾ ವೈಮಾನಿಕ ಸಂಗ್ರಹಾಲಯದ ಅಂಗಳದಲ್ಲಿ ಒಂದು ಅಲಿಜೆ ಇದೆ. ಸೀ ಹಾಕ್ ಎಂಬ ಜೆಟ್ ಯುದ್ಧವಿಮಾನ ಇದೆ, ಸೂಪರ್ ಕಾನ್‌ಸ್ಟೆಲೇಶನ್ ಎಂಬ ಭಾರಿ ವಿಮಾನವೂ ಇದೆ. ಮೊಣಕಾಲು ನೋವಿನಿಂದ ಅಜ್ಜನಿಗೆ ಬರಲಾಗಲಿಲ್ಲ. ವಿಡಿಯೊ ಕರೆ ಮಾಡಿ ಫೋನನ್ನು ವಿಮಾನದ ಸುತ್ತ ಹಿಡಿದುಕೊಂಡು ನಡೆದೆ. ಅವರು ಮೊದಲು ಮೂಗನ್ನಾಗಲಿ ಪೈಲಟ್ ಕೂರುವ ಜಾಗವನ್ನಾಗಲಿ ಕೇಳಲಿಲ್ಲ, ಬಾಲದ ಕೆಳಗಿನ ಹುಕ್ ತೋರಿಸು ಎಂದರು. ಹಡಗಿನ ಮೇಲೆ ಅಡ್ಡಲಾಗಿ ಎಳೆದ ಉಕ್ಕಿನ ಹಗ್ಗಕ್ಕೆ ಸಿಕ್ಕಿಕೊಂಡು ವಿಮಾನವನ್ನು ನಿಲ್ಲಿಸುವುದು ಅದೇ. ತೋರಿಸಿದೆ. ಬಹಳ ಹೊತ್ತು ಮಾತಿಲ್ಲದೆ ನೋಡಿ, "ಬಣ್ಣ ಬಳಿದಿದ್ದಾರೆ, ಒಳ್ಳೆಯದಾಯಿತು," ಎಂದರು.

ಆ ದಿನ ತೆಗೆದ ನೂರಕ್ಕೂ ಹೆಚ್ಚು ಚಿತ್ರಗಳಿಂದ ಚಕ್ರದ ಕಾಲುಗಳ ದಪ್ಪವನ್ನು ಸರಿಪಡಿಸಿದೆ. ಕಷ್ಟಪಟ್ಟು ಕೆತ್ತಿದ್ದ ಕೆಳಗಿಳಿದ ರೇಡಾರ್ ಡಬ್ಬಿಯನ್ನು ತೆಗೆದಿಟ್ಟೆ; ಹಡಗಿನ ಡೆಕ್ಕಿನ ಮೇಲೆ ನಿಂತ ವಿಮಾನದಲ್ಲಿ ಅದು ಹೊಟ್ಟೆಯೊಳಗೇ ಇರಬೇಕು.

ಮಾತಿನ ನಡುವೆ ತಿಳಿದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಬಜ್ಪೆ ವಿಮಾನ ನಿಲ್ದಾಣಕ್ಕೆ ಹಿಂದೆ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸಿನ ಆವ್ರೋ ವಿಮಾನಗಳಲ್ಲಿ ಇದ್ದದ್ದೂ ಡಾರ್ಟ್ ಎಂಜಿನ್ನೇ. ಕಿವಿ ಕೊರೆಯುವ ಅದರ ಸಿಳ್ಳು ಮಂಗಳೂರಿನ ಹಿರಿಯರಿಗೆ ಇಂದಿಗೂ ನೆನಪಿದೆ. ನಿವೃತ್ತಿಯ ನಂತರ ಯಾರನ್ನೋ ಕರೆತರಲು ಬಜ್ಪೆಗೆ ಹೋಗಿದ್ದ ಅಜ್ಜ ಆ ಸಿಳ್ಳು ಕೇಳಿದ ಕೂಡಲೇ ತಲೆಯ ಮೇಲಿದ್ದ ಟೊಪ್ಪಿಯನ್ನು ಅಂಗೈಯಿಂದ ಒತ್ತಿ ಹಿಡಿದರಂತೆ. ಡೆಕ್ಕಿನ ಮೇಲಿನ ಅಭ್ಯಾಸ ಅದು.

1971ರ ಯುದ್ಧದ ಬಗ್ಗೆ ನಾನು ಕೇಳಿದ್ದು ಕಡಿಮೆ, ಅವರು ಹೇಳಿದ್ದು ಇನ್ನೂ ಕಡಿಮೆ. ಬಾಯ್ಲರಿನ ಬಿರುಕಿನಿಂದಾಗಿ ವಿಕ್ರಾಂತ್‌ಗೆ ಪೂರ್ತಿ ವೇಗದಲ್ಲಿ ಓಡುವಂತಿರಲಿಲ್ಲ. ವಿಮಾನ ಮೇಲೇರಬೇಕಾದರೆ ಹಡಗು ಗಾಳಿಗೆ ಎದುರಾಗಿ ಓಡಬೇಕು. ಹಡಗಿನ ವೇಗ, ಎದುರುಗಾಳಿ, ಉಗಿಯಿಂದ ತಳ್ಳುವ ಕೆಟಪಲ್ಟಿನ ಬಲ, ಈ ಮೂರೂ ಕೂಡಿದಾಗ ಮಾತ್ರ ಎಂಟು ಟನ್ ಭಾರದ ಅಲಿಜೆ ಡೆಕ್ ಬಿಡುತ್ತದೆ. ಹಾಗಾಗಿ ಬಂಗಾಳ ಕೊಲ್ಲಿಯಲ್ಲಿ ಗಾಳಿ ಬೀಳುವ ಹೊತ್ತು ಅವರಿಗೆಲ್ಲ ಆತಂಕದ ಹೊತ್ತಾಗಿತ್ತು. ಡಿಸೆಂಬರ್ 4ರಂದು ಸೀ ಹಾಕ್‌ಗಳು ಕಾಕ್ಸ್ ಬಜಾರಿನ ಮೇಲೆ ದಾಳಿ ಆರಂಭಿಸಿದವು. ಅಲಿಜೆಗಳ ಪಾಳಿ ಹೆಚ್ಚಾಗಿ ರಾತ್ರಿಯದು. ತಮ್ಮ ವಿಮಾನ ಹೋದ ಮೇಲೆ ಅಜ್ಜ ಅದರ ಚಕ್ರಕ್ಕೆ ಅಡ್ಡ ಇಡುವ ಚಾಕ್‌ಗಳನ್ನು ಮಡಿಲಲ್ಲಿಟ್ಟುಕೊಂಡು ಕತ್ತಲಲ್ಲಿ ಕೂರುತ್ತಿದ್ದರಂತೆ. ಮಲ್ಪೆಯಲ್ಲಿ ಅಪ್ಪನ ದೋಣಿ ತಡವಾದಾಗ ಅಮ್ಮ ದಡದಲ್ಲಿ ಹೀಗೆಯೇ ಕೂರುತ್ತಿದ್ದರೆಂದು ಸೇರಿಸಿದರು.

ಅವರ ಹಡಗಿನ ಅಲಿಜೆಗಳು ಮರಳಿದವು. ಆದರೆ ಡಿಸೆಂಬರ್ 10ರಂದು ಪಶ್ಚಿಮ ಕರಾವಳಿಯಲ್ಲಿ, ನೆಲದ ನೆಲೆಯಿಂದ ಹಾರಿದ್ದ ಒಂದು ಅಲಿಜೆಯನ್ನು ಪಾಕಿಸ್ತಾನದ ಸ್ಟಾರ್‌ಫೈಟರ್ ಸಮುದ್ರದ ಮೇಲೆ ಹೊಡೆದುರುಳಿಸಿತು. ಲೆಫ್ಟಿನೆಂಟ್ ಕಮಾಂಡರ್ ಅಶೋಕ್ ರಾಯ್ ಅವರೂ ಜೊತೆಗಿದ್ದ ಇಬ್ಬರೂ ಹಿಂದಿರುಗಲಿಲ್ಲ. ಸುದ್ದಿ ಬಂದಾಗ ಅಜ್ಜ ರೆಕ್ಕೆಯ ಸಂದನ್ನು ಉಜ್ಜುತ್ತಿದ್ದರು. ಆ ದಿನ ಒಂದೇ ಕೀಲನ್ನು ಎರಡು ಸಲ ಉಜ್ಜಿದೆ ಎಂದು ಹೇಳಿ ಆ ವಿಷಯವನ್ನು ನಿಲ್ಲಿಸಿದರು. ಮಾದರಿಯಲ್ಲಿ ಮೂರು ಆಸನಗಳನ್ನು ನಾನು ಬರಿಯ ಚೌಕಗಳಾಗಿ ಬಿಟ್ಟಿದ್ದೆ. ಅಂದು ರಾತ್ರಿ ಅವುಗಳನ್ನು ಕಿತ್ತು, ಬೆನ್ನೊರಗು, ಪಟ್ಟಿ, ತಲೆಯಾಸರೆ ಸಹಿತ ಹೊಸದಾಗಿ ಮಾಡಲು ಕುಳಿತೆ. ಮುಚ್ಚಿದ ಗಾಜಿನೊಳಗೆ ಅವು ಅಷ್ಟಾಗಿ ಕಾಣುವುದಿಲ್ಲ. ಆದರೂ ಮಾಡಿದ್ದೇನೆ.

ವಿಕ್ರಾಂತ್ 1997ರ ಜನವರಿ 31ರಂದು ಸೇವೆಯಿಂದ ನಿವೃತ್ತಿಯಾಗಿ, ಮುಂಬಯಿಯಲ್ಲಿ ಕೆಲವು ವರ್ಷ ಸಂಗ್ರಹಾಲಯವಾಗಿದ್ದು, 2014ರಲ್ಲಿ ಒಡೆಯುವವರ ಕೈಸೇರಿತು. ನಮ್ಮ ನೌಕಾಪಡೆಯ ಅಲಿಜೆಗಳು ಅದಕ್ಕೂ ಮೊದಲು, 1991ರಲ್ಲಿಯೇ ಹಾರಾಟ ನಿಲ್ಲಿಸಿದ್ದವು. ಹಾಗಾಗಿ ಮಾದರಿ ನಿಲ್ಲುವ ಡೆಕ್ಕಿನ ತುಂಡನ್ನು ಪೂರ್ತಿಯಾಗಿ ಅಜ್ಜನ ಮಾತಿನ ಮೇಲೆಯೇ ಮಾಡುತ್ತಿದ್ದೇನೆ. ಅರುವತ್ತು ಸೆಂಟಿಮೀಟರ್ ಅಗಲ, ತೊಂಬತ್ತು ಉದ್ದದ ಪ್ಲೈವುಡ್ಡಿನ ಮೇಲೆ ವಿಮಾನ ಕಟ್ಟುವ ಬಳೆಗಳಿಗಾಗಿ ಸಣ್ಣ ಗುಳಿಗಳನ್ನು ಕೊರೆದಿದ್ದೇನೆ. ಕಟ್ಟುವ ಲ್ಯಾಶಿಂಗಿಗೆ ಮೊದಲು ಮೀನಿನ ಗಾಳದ ನೈಲಾನ್ ದಾರ ಹಾಕಿದ್ದೆ. ಅದರ ಹೊಳಪು ಅಜ್ಜನಿಗೆ ಸರಿಬರಲಿಲ್ಲ. ಸುಟ್ಟುಹೋದ ಪಂಪಿನ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿಯನ್ನು ಮೂರೆಳೆಯಾಗಿ ಹೊಸೆದು ಕಪ್ಪು ಮಾಡಿದಾಗ ಒಪ್ಪಿದರು. ಗಾಳಿ ಜೋರಾದ ರಾತ್ರಿ ಎಷ್ಟು ಲ್ಯಾಶಿಂಗ್, ಶಾಂತ ದಿನ ಎಷ್ಟು ಎಂದು ಅವರು ಲೆಕ್ಕ ಹೇಳುತ್ತಾರೆ. ನಮ್ಮದು ಜೋರು ಗಾಳಿಯ ರಾತ್ರಿಯೆಂದು ಇಬ್ಬರೂ ಒಪ್ಪಿದ್ದೇವೆ.

ಇನ್ನು ಉಳಿದದ್ದು ಪ್ರೊಪೆಲ್ಲರಿನ ನಾಲ್ಕು ಅಲಗುಗಳು, ಗಾಜು, ಬಣ್ಣ. ಬಾಲದ ಮೇಲಿನ ಸಂಖ್ಯೆಯನ್ನು ಅಜ್ಜ ಇನ್ನೂ ಹೇಳಿಲ್ಲ, ನಾನು ಒತ್ತಾಯಿಸಿಲ್ಲ. ಚಾಕ್‌ಗಳನ್ನು ಮಾತ್ರ ತಾವೇ ಮಾಡುತ್ತೇನೆಂದು ಹಾಲೆ ಮರದ ಚೂರುಗಳನ್ನೂ ನನ್ನ ಸಣ್ಣ ಉಳಿಯನ್ನೂ ತೆಗೆದಿಟ್ಟುಕೊಂಡಿದ್ದಾರೆ. ಕಳೆದ ಭಾನುವಾರ ಹೋದಾಗ ಬೆರಳಿನ ಉಗುರಿನಷ್ಟಿರುವ ಎರಡು ಬೆಣೆಗಳು ನೂಲಿನಿಂದ ಜೋಡಿಸಲ್ಪಟ್ಟು, ಜಗಲಿಯ ಮೇಲೆ ಕನ್ನಡಕದ ಪೆಟ್ಟಿಗೆಯಲ್ಲಿ ಸಿದ್ಧವಾಗಿದ್ದವು. ಅವು ಬಲಗಡೆಯ ಚಕ್ರಕ್ಕೆ. ಎಡಗಡೆಯದು ಮುಂದಿನ ವಾರ ಎಂದಿದ್ದಾರೆ.