ಶೇಂಗಾ ಇಟ್ಟು ಆಡಿದ ಪೋಕರ್

ನಿನ್ನೆ ಧಾರವಾಡದಲ್ಲಿ ಮಳೆ ಬಿಡಲೇ ಇಲ್ಲ. ಅಕ್ಕನ ಮಗ ಇಸ್ಪೀಟ್ ಎಲೆ ತಂದು, "ಮಾಮಾ, ಪೋಕರ್ ಕಲಸ್ತೀನಿ ಬರ್ರಿ" ಅಂದ. ರೊಕ್ಕ ಬೇಡ ಅಂದೆ. ಹುರಿದ ಶೇಂಗಾ ಇಟ್ಟು ಕೂತೆವು.

ಒಬ್ಬೊಬ್ಬರಿಗೆ ಎರಡೆರಡು ಎಲೆ, ಅವು ಗುಟ್ಟು. ನಡುವೆ ಎಲ್ಲರಿಗೂ ಕಾಣುವಂತೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಈ ಏಳರಲ್ಲಿ ಆರಿಸಿದ ಐದು ಯಾರದು ದೊಡ್ಡದೋ ಅವರು ಗೆದ್ದ ಹಾಗೆ. ಸುತ್ತು ಸುತ್ತಿಗೂ ಪಣ ಏರಿಸಬಹುದು, ಇಲ್ಲ ಪ್ಯಾಕ್ ಮಾಡಬಹುದು, ಅಂದರೆ ಎಲೆ ಕೆಳಗಿಟ್ಟು ಆ ಆಟ ಬಿಡಬಹುದು. ನಮ್ಮ ಮೂರೆಲೆ ಆಟಕ್ಕೆ ಹತ್ತಿರದ್ದೇ, ಅಲ್ವಾ?

52 ಎಲೆಗಳಿಂದ ಐದೈದರ 25,98,960 ಗುಂಪು ಆಗುತ್ತವೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದಾದ ರಾಯಲ್ ಫ್ಲಶ್ (ಒಂದೇ ಜಾತಿಯ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ) ಬರೀ 4!

ಸುಮಾರು 200 ವರ್ಷದ ಹಿಂದೆ ಅಮೆರಿಕದ ನ್ಯೂ ಆರ್ಲಿಯನ್ಸ್ ಕಡೆ ಬೆಳೆದ ಆಟ ಇದು. ಮಿಸಿಸಿಪ್ಪಿ ನದಿಯ ಉಗಿ ಹಡಗುಗಳು ಇದನ್ನು ಊರೂರಿಗೆ ಮುಟ್ಟಿಸಿದವು. ಆಗ ಇದ್ದದ್ದು 20 ಎಲೆ ಮಾತ್ರ.

ಕೊನೆಯ ಆಟದಲ್ಲಿ ಅವ್ವ ತನ್ನ ಶೇಂಗಾ ಎಲ್ಲ ಮುಂದೆ ತಳ್ಳಿದಳು. ನಾವೆಲ್ಲ ಪ್ಯಾಕ್ ಮಾಡಿದೆವು. ಎಲೆ ತಿರುವಿದರೆ ಒಂದು ಜೋಡಿಯೂ ಇರಲಿಲ್ಲ. ಅಪ್ಪ ಹೋದ ಮೇಲೆ ಅವಳು ಅಷ್ಟು ಜೋರಾಗಿ ನಕ್ಕಿದ್ದು ನಿನ್ನೆಯೇ.