ಬಸ್ಸು ಇಳಿದ ಮೇಲಿನ ದಾರಿ

ಬಿಳಿಗಿರಿರಂಗನ ಬೆಟ್ಟಕ್ಕೆ ನಾನು ಮೊದಲ ಸಲ ಹೋಗಿದ್ದು ಎಲ್ಲರ ಹಾಗೆ ದೇವಸ್ಥಾನಕ್ಕೆ. ಬಂಡೆಯ ತುದಿಯ ಗುಡಿ, ಬೀಸುವ ಗಾಳಿ, ರಂಗನಾಥನಿಗೆ ಮಾಡಿಸಿದ ದೊಡ್ಡ ಚರ್ಮದ ಪಾದರಕ್ಷೆ, ಒಂದಷ್ಟು ಫೋಟೋ, ವಾಪಸ್. ಈ ಸಲ ಕರೆದುಕೊಂಡು ಹೋದವನು ನನ್ನ ಗೆಳೆಯ. ಅವನು ಈ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರ ಪೋಡುಗಳಲ್ಲಿ ಆರೋಗ್ಯದ ಕೆಲಸ ಮಾಡುತ್ತಾನೆ. ಪೋಡು ಅಂದರೆ ಕಾಡಿನೊಳಗಿನ ಸೋಲಿಗರ ಹಟ್ಟಿ. "ನೀನು ಬೆಟ್ಟ ನೋಡಿದ್ದೀಯ, ಜನರನ್ನ ನೋಡಿಲ್ಲ" ಅಂತ ಅವನು ಎಷ್ಟೋ ಸಲ ಹೇಳಿದ್ದ.

ಯಳಂದೂರಿನಿಂದ ಬಸ್ಸು ಹತ್ತಿದೆವು. ಚೆಕ್‌ಪೋಸ್ಟ್ ದಾಟಿದ ಮೇಲೆ ಎರಡೂ ಕಡೆ ಲಂಟಾನ. ಒಂದು ತಿರುವಿನಲ್ಲಿ ಇಳಿದು ನಡೆಯಲು ಶುರು ಮಾಡಿದೆವು. ಪೋಡಿನ ಹುಡುಗನೊಬ್ಬ ಮುಂದೆ ಹೋಗುತ್ತಿದ್ದ. ಸ್ವಲ್ಪ ದೂರದಲ್ಲೇ ಆನೆ ಲದ್ದಿ ಬಿದ್ದಿತ್ತು. ಅವನು ಬಗ್ಗಿ, ಅಂಗೈ ಹಿಡಿದು ಬಿಸಿ ನೋಡಿ, "ಈಗ ತಾನೇ ಹೋಗಿದೆ, ನಿಲ್ಲಿ" ಅಂದ. ಇಪ್ಪತ್ತು ನಿಮಿಷ ನಿಂತೆವು. ನನಗೆ ಅದು ಊರಿಗೆ ಹೋಗಿ ಹೇಳುವ ಕಥೆ. ಅದೇ ದಾರಿಯಲ್ಲಿ ಹೆರಿಗೆ ನೋವು ಬಂದವಳನ್ನು ಕತ್ತಲಲ್ಲಿ ಕರೆತರುವವರೂ ಹೀಗೇ ನಿಲ್ಲಬೇಕು.

ಸರ್ಕಾರದ ಲೆಕ್ಕದಲ್ಲಿ ಬಯಲು ಸೀಮೆಗೆ 5,000 ಜನರಿಗೊಂದು ಆರೋಗ್ಯ ಉಪಕೇಂದ್ರ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಕ್ಕೆ 3,000 ಜನರಿಗೊಂದು. ಒಳ್ಳೆಯ ನಿಯಮವೇ. ಆದರೆ ಇಪ್ಪತ್ತು, ಮೂವತ್ತು ಮನೆಗಳ ಪೋಡುಗಳು ಕಾಡಿನ ತುಂಬ ಚದುರಿರುವಾಗ ಆ 3,000 ಜನ ಎಷ್ಟು ದೂರ ಹರಡಿರುತ್ತಾರೆ ಅಂತ ನಡೆದ ಮೇಲೇ ಗೊತ್ತಾಗೋದು.

ನಾವು ಹೋದ ಮನೆಯಲ್ಲಿ ತಾಯಿ, ಅಜ್ಜಿ, ಹದಿಮೂರು ವರ್ಷದ ಮಗ. ಮಗನಿಗೆ ಸಿಕಲ್ ಸೆಲ್ ಕಾಯಿಲೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಕೀಲು, ಎದೆ, ಬೆನ್ನು ಎಲ್ಲೆಂದರಲ್ಲಿ ನೋವು. ಭಾರತದಲ್ಲಿ ಇದು ಮೊದಲು ಪತ್ತೆಯಾಗಿದ್ದು 1952ರಲ್ಲಿ, ಇಲ್ಲಿಗೆ ದೂರವಲ್ಲದ ನೀಲಗಿರಿಯ ಬುಡಕಟ್ಟು ಜನರಲ್ಲಿ. ದೇಶಮಟ್ಟದ ನಿರ್ಮೂಲನಾ ಯೋಜನೆ ಶುರುವಾಗಿದ್ದು 2023ರಲ್ಲಿ. ನಡುವೆ ಎಪ್ಪತ್ತೊಂದು ವರ್ಷ! ಆ ಲೆಕ್ಕ ಹಾಕಿದಾಗ ನನಗೆ ಸಿಟ್ಟು ಬಂತು, ಈಗಲೂ ಬರುತ್ತದೆ.

ತಂದೆ ತಾಯಿ ಇಬ್ಬರಲ್ಲೂ ಈ ಕಾಯಿಲೆಯ ವಂಶವಾಹಿ ಒಂದೊಂದು ಪಾಲು ಇದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಪಾಲು ಇದ್ದವರನ್ನು ಅದು ಮಲೇರಿಯಾ ವಿಕೋಪಕ್ಕೆ ಹೋಗದಂತೆ ಕಾಯುತ್ತದೆ. ಕಾಡಿನ ಜ್ವರದಿಂದ ಹಿರಿಯರನ್ನು ಉಳಿಸಿದ್ದೇ ಈ ಹುಡುಗನ ಕೀಲುಗಳಲ್ಲಿ ನೋವಾಗಿ ಕೂತಿದೆ.

ತಾಯಿ ಮಾಡಿನ ಗಳುವಿಗೆ ನೇತು ಹಾಕಿದ್ದ ಪ್ಲಾಸ್ಟಿಕ್ ಕವರ್ ಇಳಿಸಿದಳು. ಒಳಗೆ ಹೊಗೆ ಹಿಡಿದ ಆಸ್ಪತ್ರೆ ಚೀಟಿಗಳು. ಅವಳಿಗೆ ಓದಲು ಬರುವುದಿಲ್ಲ, ಆದರೆ ಯಾವ ಬಣ್ಣದ ಚೀಟಿ ಯಾವಾಗಿನದು ಅಂತ ತಪ್ಪದೆ ಹೇಳಿದಳು. ಮೂರು ವರ್ಷ ಪಟ್ಟಣದ ಒಂದು ಆಸ್ಪತ್ರೆಗೆ ಅಲೆದಿದ್ದರಂತೆ. ಪ್ರತಿ ಸಲ ನೋವಿನ ಇಂಜೆಕ್ಷನ್, ವಾಪಸ್. "ಸುಮ್ನೆ ನಾಟಕ ಆಡ್ತಾನೆ ಅಂದ್ರು" ಅಂದಳು. ಒಂದು ಭೇಟಿ ಅಂದರೆ ಕಾಫಿ ತೋಟದ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡು ಬೇರೆ. ಕೊನೆಗೆ ಪೋಡಿಗೇ ಬಂದ ತಂಡ ರಕ್ತ ಪರೀಕ್ಷೆ ಮಾಡಿದ ಮೇಲೆ ನೋವಿಗೆ ಹೆಸರು ಸಿಕ್ಕಿತು. ಈಗ ದಿನಾ ಹೈಡ್ರಾಕ್ಸಿಯೂರಿಯಾ ಮಾತ್ರೆ. ನೋವು ಬರೋದು ಕಮ್ಮಿಯಾಗಿದೆ.

ಗೆಳೆಯ ಮಾತ್ರೆ ಪಟ್ಟಿ ತಿರುಗಿಸಿ ಎಣಿಸಿದ. ಒಂಬತ್ತು ಉಳಿದಿದ್ದವು. ಮುಂದಿನ ಭೇಟಿಗೆ ಹನ್ನೊಂದು ದಿನ. ಎರಡು ದಿನದ ಮಾತ್ರೆ ತಾನೇ ತಲುಪಿಸುವುದಾಗಿ ಹೇಳಿ ಡೈರಿಯಲ್ಲಿ ಬರೆದುಕೊಂಡ.

ಈ ಬೆಟ್ಟದ ಪುಣ್ಯ ದೊಡ್ಡದು. ಡಾ. ಎಚ್. ಸುದರ್ಶನ್ ಇಲ್ಲೇ ಬಂದು ನೆಲೆಸಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆ, ಶಾಲೆ ಎಲ್ಲ ಬಂತು. 1994ರಲ್ಲಿ ಅವರ ಕೆಲಸಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಸಿಕ್ಕಿತು. ಆದರೆ ಒಬ್ಬ ವೈದ್ಯ ಮನಸ್ಸು ಮಾಡಿದ್ದರಿಂದ ಒಂದು ಬೆಟ್ಟಕ್ಕೆ ಆಸ್ಪತ್ರೆ ಬಂದರೆ, ಯಾರೂ ಮನಸ್ಸು ಮಾಡದ ಬೆಟ್ಟಗಳ ಗತಿ ಏನು? ಮಲೆ ಮಹದೇಶ್ವರ ಬೆಟ್ಟದ ಕಡೆಯೂ ಸೋಲಿಗರ ಪೋಡುಗಳಿವೆ, ಅಲ್ವಾ?

ವಾಪಸ್ ಹೊರಟಾಗ ಆ ಮನೆಯ ಹುಡುಗ ರಸ್ತೆವರೆಗೆ ಬರ್ತೀನಿ ಅಂತ ಹಟ ಹಿಡಿದ. ದಾರಿಯುದ್ದಕ್ಕೂ ಮರಗಳ ಹೆಸರು ಹೇಳಿಕೊಂಡು ಬಂದ. ಜೇನು ಯಾವ ಮರಕ್ಕೆ ಜಾಸ್ತಿ ಕಟ್ಟುತ್ತದೆ ಅಂತ ತೋರಿಸಿದ. ಏರು ಬಂದ ಕಡೆ ಮಾತು ನಿಂತಿತು. ಮಂಡಿ ಹಿಡಿದುಕೊಂಡು ಕಲ್ಲಿನ ಮೇಲೆ ಕೂತ. ನಾವೂ ಪಕ್ಕದಲ್ಲಿ ಕೂತೆವು. ಗೆಳೆಯ ನೀರಿನ ಬಾಟಲಿ ಕೊಟ್ಟ.

ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು. ನಾವು ಯಾರೂ ಏಳಲಿಲ್ಲ.